ಮುನ್ನೂರು ಕ್ಯಾಸೆಟ್ಟು, ಒಂದು ಸ್ಕ್ರೂ

ಭೀಮಸಮುದ್ರದ ಒಂದು ಮದುವೆಯಲ್ಲಿ, ಧಾರೆಗೆ ಇನ್ನು ಕಾಲು ಗಂಟೆ ಇದೆ ಅನ್ನುವಾಗ, ‘ವಾಲಗ – ಬಾಗೂರಜ್ಜ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದ ಡಬ್ಬಿಯನ್ನು ತೆಗೆದೆ. ಒಳಗಿದ್ದದ್ದು ಯಾವುದೋ ಹಾಸ್ಯ ನಾಟಕದ ಕ್ಯಾಸೆಟ್ಟು. ಮುಚ್ಚಿ ಇನ್ನೊಂದು ಸಲ ತೆಗೆದು ನೋಡಿದೆ. ಹಾಗೆ ನೋಡಿದರೆ ಬದಲಾಗುತ್ತದೆಯೇ? ಹೆಣ್ಣಿನ ತಂದೆ ನನ್ನ ಪಕ್ಕದಲ್ಲೇ ನಿಂತಿದ್ದರು. ಬೇರೆ ಏನಿಲ್ಲದಿದ್ದರೂ ಆ ಒಂದು ಕ್ಯಾಸೆಟ್ಟು ಇರಲೇಬೇಕು ಎಂದು ತಿಂಗಳ ಮೊದಲೇ ಹೇಳಿ ನನ್ನ ಮೈಕ್‌ಸೆಟ್ ಗೊತ್ತು ಮಾಡಿದ್ದವರು ಅವರು.

“ನನ್ನ ಮದ್ವೆಗೆ ಊದಿದ್ದು ಆ ಅಜ್ಜನೇ ಕಣಪ್ಪ. ಈಗ ಅವರಿಗೆ ಹಲ್ಲಿಲ್ಲ, ಊದಕ್ಕಾಗಲ್ಲ. ಕ್ಯಾಸೆಟ್ಟಾದ್ರೂ ಹಾಕು ಅಂತ ಎಷ್ಟು ಸಲ ಹೇಳಿದ್ದೆ ನಿನಗೆ?” ಅಂದರು. ಕೂಗಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವರು ಬೇಸರ ಮಾಡಿಕೊಂಡು ಸುಮ್ಮನೆ ಒಳಗೆ ಹೋದರು. ಅಂಗಡಿಯಲ್ಲಿ ಸಿಗುವ ಒಂದು ಮಂಗಳವಾದ್ಯದ ಕ್ಯಾಸೆಟ್ಟು ಹಾಕಿ ಆ ಧಾರೆಯನ್ನು ದಾಟಿಸಿದೆ. ಊಟಕ್ಕೆ ಕೂರಲು ಮುಖ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ ಅದು. ನನ್ನ ಅಂಗಡಿ ಇದ್ದದ್ದು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹಿಂದೆ. ಆಂಪ್ಲಿಫೈಯರ್, ಹಾರನ್ನು, ಬ್ಯಾಟರಿ, ಡೆಕ್ಕು ಎಲ್ಲ ನನ್ನವೇ. ಹಾಡು ಮಾತ್ರ ನನ್ನದಲ್ಲ. ಚಿತ್ರದುರ್ಗದ ಒಂದು ಗಲ್ಲಿಯಲ್ಲಿ ಕ್ಯಾಸೆಟ್ ಲೈಬ್ರರಿ ಇತ್ತು. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯ ಮೈಕ್‌ಸೆಟ್ಟಿನವರೆಲ್ಲ ಅಲ್ಲಿ ತಿಂಗಳ ಚಂದಾದಾರರು. ಒಂದು ಸಲಕ್ಕೆ ಇಪ್ಪತ್ತು ಕ್ಯಾಸೆಟ್ಟು ಒಯ್ಯಬಹುದು, ಹಾಕಿ, ತಂದು ಕೊಡಬೇಕು. ಲಗ್ನದ ದಿನ ಬಂತೆಂದರೆ ಒಂದೇ ಕ್ಯಾಸೆಟ್ಟಿಗೆ ನಾಲ್ಕು ಜನ ಕೈ ಚಾಚುತ್ತಿದ್ದೆವು. ಆವತ್ತು ಹಿರಿಯೂರಿನವನೊಬ್ಬ ನನಗಿಂತ ಮೊದಲು ಬಾಗೂರಜ್ಜನ ವಾಲಗ ಒಯ್ದಿದ್ದ. ವಾಪಸು ಕೊಡುವಾಗ ಡಬ್ಬಿ ಅದಲು ಬದಲಾಗಿತ್ತು, ಅಷ್ಟೆ. ಅವನನ್ನು ಬೈದು ಪ್ರಯೋಜನವಿಲ್ಲ, ನಾನೂ ಎಷ್ಟೋ ಸಲ ಅದನ್ನೇ ಮಾಡಿದ್ದೆ.

ಲೈಬ್ರರಿ ನಡೆಸುತ್ತಿದ್ದವರನ್ನು ನಾವೆಲ್ಲ ಕ್ಯಾಸೆಟ್ ಅಕ್ಕ ಅನ್ನುತ್ತಿದ್ದೆವು. ಐವತ್ತು ದಾಟಿದ ಗಟ್ಟಿ ಹೆಂಗಸು. ಸಿನಿಮಾ ಕ್ಯಾಸೆಟ್ಟು ಯಾರ ಬಳಿಯಾದರೂ ಸಿಗುತ್ತದೆ. ಅಕ್ಕನ ಬಳಿ ಇದ್ದ ಸಂಪತ್ತು ಬೇರೆ. ಇಪ್ಪತ್ತು ವರ್ಷ ಅವರು ತಮ್ಮ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಈ ಸೀಮೆಯ ಮದುವೆ, ಭಜನೆ, ಸೋಬಾನೆ ಅಂತ ಹೋಗಿ ತಾವೇ ತುಂಬಿಕೊಂಡು ಬಂದ ಕ್ಯಾಸೆಟ್ಟುಗಳವು. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಯಾವ ಊರು, ಯಾರು ಊದಿದ್ದು, ಮೈಕು ಎಲ್ಲಿ ಇಟ್ಟಿದ್ದು, ಎಷ್ಟು ಸಲ ಹೊರಗೆ ಹೋಗಿ ಬಂತು. ರಿವೈಂಡ್ ಮಾಡದೆ ಕೊಟ್ಟರೆ ಎದುರಿಗೆ ಪೆನ್ಸಿಲ್ ಇಟ್ಟು, ಕೈಯಲ್ಲೇ ಸುತ್ತಿಸಿ ಕಳಿಸುತ್ತಿದ್ದರು. ನನ್ನಂಥ ಮುಂಗೋಪಿಯೂ ಅವರೆದುರು ಬಾಯಿ ಮುಚ್ಚಿಕೊಂಡು ಪೆನ್ಸಿಲ್ ತಿರುಗಿಸಿದ್ದೇನೆ.

ಭೀಮಸಮುದ್ರದ ಮಾರನೆಯ ದಿನವೇ ಹೋಗಿ ಹೇಳಿದೆ. “ಅಕ್ಕಾ, ಇನ್ಮೇಲೆ ನನಗೆ ಚಂದಾ ಬ್ಯಾಡ. ನನ್ನ ಹಾಡು ನನ್ನ ಹತ್ರನೇ ಇರ್ಬೇಕು. ಕಂಪ್ಯೂಟರ್ ತಗಂತೀನಿ, ಎಲ್ಲಾನೂ ಅದಕ್ಕೆ ತುಂಬ್ಕಂತೀನಿ.”

ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ತುಂಬ್ಕ. ನಾನೇನು ನೂರು ವರ್ಷ ಇವನ್ನ ಕಾಯ್ಕಂಡು ಕುಂತಿರ್ತೀನಾ? ಇಪ್ಪತ್ತಿಪ್ಪತ್ತೇ ತಗಂಡೋಗು. ಆದ್ರೆ ಬಾಗೂರಜ್ಜನದು ಮೊದ್ಲು ಮಾಡು. ಟೇಪಿನ ಪುಡಿ ಉದುರ್ತಾ ಐತೆ. ಇನ್ನೊಂದು ಹತ್ತು ಸಲ ಓಡಿದ್ರೆ ಬರೀ ಗಾಳಿ ಸದ್ದು ಉಳೀತೈತೆ. ಅಜ್ಜ ಊದಿದ್ದು ಅಂತ ಇರೋದು ಅದೊಂದೇ.”

ಹಿರಿಯೂರಿನಿಂದ ಆ ಕ್ಯಾಸೆಟ್ಟು ವಾಪಸು ಬಂದ ಮೇಲೆ ಅಕ್ಕ ಅದನ್ನು ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸಿದರು. ನನಗೊಬ್ಬನಿಗೆ ಕೊಟ್ಟರು. ಆ ನಂಬಿಕೆಗೆ ನಾನು ಏನು ಮಾಡಿದೆ ಅನ್ನುವುದೇ ಈ ಕಥೆ.

ಕಂಪ್ಯೂಟರು ಸೆಕೆಂಡ್‌ಹ್ಯಾಂಡ್. ಜೊತೆಗೆ ನಲವತ್ತು ಜಿಬಿಯ ಹೊಸ ಹಾರ್ಡ್‌ಡಿಸ್ಕ್ ಹಾಕಿಸಿದೆ. ಡೆಕ್ಕಿನ ಹಿಂದಿನ ಸಾಕೆಟ್ಟಿನಿಂದ ವೈರು ತಂದು ಕಂಪ್ಯೂಟರಿಗೆ ಚುಚ್ಚಿದರೆ ಹಾಡು ಒಳಗೆ ಹೋಗುತ್ತದೆ ಅಂದಿದ್ದರು. ನಾನು ಚುಚ್ಚಿದ್ದು ಮೈಕಿನ ತೂತಿಗೆ. ನಾದಸ್ವರ ತಗಡು ಹರಿದ ಹಾಗೆ ಕೇಳಿತು. ಲೈನಿನ ತೂತು ಪಕ್ಕದ್ದು ಎಂದು ಗೊತ್ತಾಗಲು ಮೂರು ದಿನ ಬೇಕಾಯಿತು. ಆಮೇಲೆ ಗುಂಯ್ ಅನ್ನುವ ಹಮ್ಮಿಂಗು. ಎರಡಕ್ಕೂ ಒಂದೇ ಪ್ಲಗ್‌ಬೋರ್ಡಿನಿಂದ ಕರೆಂಟು ಕೊಟ್ಟು, ಅರ್ತಿಂಗ್ ಸರಿ ಮಾಡಿದ ಮೇಲೆ ಅದು ಹೋಯಿತು. ಆಮೇಲೆ ಕರೆಂಟು. ಇಪ್ಪತ್ತು ನಿಮಿಷ ತುಂಬಿಸಿದ ಮೇಲೆ ಕರೆಂಟು ಹೋದರೆ ಡೆಕ್ಕಿನ ಹಾಡು ಎಮ್ಮೆಯ ಹಾಗೆ ಒರಲಿ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. ಕೊನೆಗೆ ಹೊಲದಲ್ಲಿ ಮೈಕ್ ಕಟ್ಟುವಾಗ ಬಳಸುವ ಬ್ಯಾಟರಿಯನ್ನೇ ತಂದು ಡೆಕ್ಕಿಗೆ ಕೊಟ್ಟೆ, ಕಂಪ್ಯೂಟರಿಗೆ ಯುಪಿಎಸ್.

ಜಾಗ ಉಳಿಸಬೇಕೆಂದು ಹಾಡುಗಳನ್ನು ಆದಷ್ಟು ಸಣ್ಣ ಮಾಡಿ ಇಟ್ಟೆ. ಹೆಸರು ಟೈಪು ಮಾಡಿದ್ದು ನನ್ನ ಹೆಂಡತಿ. ಅಂಗಡಿಯ ಕೆಲಸ ಮುಗಿಸಿ ದಿನಕ್ಕೆ ಒಂದು ಕ್ಯಾಸೆಟ್ಟು, ಕೆಲವು ದಿನ ಎರಡು. ಎಂಟು ತಿಂಗಳಲ್ಲಿ ಮುನ್ನೂರಕ್ಕೂ ಮೇಲೆ ಕ್ಯಾಸೆಟ್ಟು ಆ ಡಬ್ಬದೊಳಗೆ ಸೇರಿದವು. ಬಾಗೂರಜ್ಜನದು ಮೊಟ್ಟಮೊದಲನೆಯದು.

ಹೆಮ್ಮೆ ಅಂದರೆ ಹೆಮ್ಮೆ! ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ಮದುವೆಗೆ ಒಯ್ಯುತ್ತಿದ್ದೆ. ಹೋದಲ್ಲೆಲ್ಲ ಜನ ಸುತ್ತ ನಿಲ್ಲುತ್ತಿದ್ದರು. ಒಂದು ಸಲ ಪುರೋಹಿತರು ಮಾಂಗಲ್ಯಕ್ಕೆ ಕೈ ಎತ್ತಿದ ಹೊತ್ತಿಗೇ ಕಂಪ್ಯೂಟರಿನ ‘ಟಿಂಗ್’ ಅನ್ನುವ ಸದ್ದು ನಾಲ್ಕು ಹಾರನ್ನಿನಲ್ಲಿ ಊರಿಗೆಲ್ಲ ಕೇಳಿತು. ಪುರೋಹಿತರು ಕೈ ಕೆಳಗಿಳಿಸಿ ನನ್ನನ್ನು ನೋಡಿದರು. ಆ ಸದ್ದನ್ನು ಆಫ್ ಮಾಡುವುದು ಹೇಗೆಂದು ಮಾರನೆಯ ದಿನವೇ ಕಲಿತೆ. ಉಳಿದಂತೆ ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ಹೊಸದುರ್ಗದ ಆ ಮದುವೆಯವರೆಗೆ.

ಹೊಸದುರ್ಗದ ಛತ್ರದಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಬಾಗೂರಜ್ಜ ಕೂತಿದ್ದರು. ಗಂಡಿನ ಕಡೆಯವರು ಕರೆಸಿದ್ದರಂತೆ. ಬಿಳಿ ಪಂಚೆ, ತೋಳಿನವರೆಗೆ ಮಡಿಸಿದ ಅಂಗಿ, ಒಳಗೆ ಸರಿದ ತುಟಿ. ನಾನು ಅವರನ್ನು ಎದುರಿಗೆ ಕಂಡದ್ದು ಅದೇ ಮೊದಲು. ಇದಕ್ಕಿಂತ ಒಳ್ಳೆಯ ಸಮಯ ಇನ್ನೆಲ್ಲಿ ಬರುತ್ತದೆ ಎಂದು ಅವರದೇ ವಾಲಗ ಹಾಕಿ, ಹತ್ತಿರ ಹೋಗಿ ಬಗ್ಗಿ ಕೇಳಿದೆ.

“ಅಜ್ಜಾ, ಯಾರು ಊದಿದ್ದು ಹೇಳ್ರಿ ನೋಡಾಣ.”

ಅಜ್ಜ ತಲೆ ಒಂದು ಕಡೆ ವಾಲಿಸಿ ತುಂಬ ಹೊತ್ತು ಕೇಳಿದರು. “ಚೆನ್ನಾಗಿ ಊದವ್ರೆ. ಯಾವ ಕಡೆಯೋರಪ್ಪ?”

ನಾನು ಜೋರಾಗಿ ನಕ್ಕೆ. “ನೀವೇ ಕಣಜ್ಜ! ಕ್ಯಾಸೆಟ್ ಅಕ್ಕ ತುಂಬ್ಕಂಡಿದ್ದು.”

“ನಾನಲ್ಲಪ್ಪ.”

“ನೀವೇ. ಡಬ್ಬಿ ಮ್ಯಾಲೆ ಬರ್ದೈತೆ.”

“ಡಬ್ಬಿ ಮ್ಯಾಲೆ ಏನು ಬೇಕಾದ್ರೂ ಬರೀತಾರೆ. ನನ್ನ ಶ್ರುತಿ ಇದಲ್ಲ. ಇಷ್ಟು ಮ್ಯಾಲೆ ನಾನು ಜನ್ಮದಾಗೆ ಊದಿಲ್ಲ. ಇವರು ಯಾರೋ ಭಾಳ ಅವಸರದ ಮನುಷ್ಯ.” ಅಷ್ಟು ಹೇಳಿ ಅಜ್ಜ ಎಲೆ ಅಡಿಕೆ ಕುಟ್ಟುವ ಪುಟ್ಟ ಒರಳನ್ನು ಚೀಲದಿಂದ ತೆಗೆದರು. ಅವರ ಮಟ್ಟಿಗೆ ಮಾತು ಮುಗಿದಿತ್ತು.

ನನಗೆ ಸಿಟ್ಟು ಬಂತು. ಮುದುಕನಿಗೆ ಮರೆವು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಮನೆಗೆ ಬಂದು ಹೆಂಡತಿಯ ಹತ್ತಿರ ಎಗರಾಡಿದೆ. ಎಂಟು ತಿಂಗಳು ಕೂತು ಮಾಡಿದ್ದೇನೆ, ಎಪ್ಪತ್ತೈದರ ಮುದುಕ ಬಂದು ನಾನಲ್ಲ ಅಂದರೆ? ಅವಳು ಕಂಪ್ಯೂಟರಿನ ಮುಂದೆ ಕೂತು ಹೆಸರುಗಳನ್ನು ತಿದ್ದುತ್ತಿದ್ದಳು. ತಿರುಗದೆಯೇ ಒಂದು ಮಾತು ಕೇಳಿದಳು.

“ಅಲ್ರೀ, ಎಲ್ಲಾ ಕ್ಯಾಸೆಟ್ಟೂ ಯಾಕೆ ಇಪ್ಪತ್ತೇಳು ಇಪ್ಪತ್ತೆಂಟು ನಿಮಿಷಕ್ಕೇ ಮುಗೀತಾವೆ? ಅರವತ್ತು ನಿಮಿಷದ್ದು ಅಂದ್ರೆ ಒಂದು ಕಡೆಗೆ ಮೂವತ್ತು ಇರ್ಬೇಕಲ್ಲ?”

ಅದನ್ನು ನಾನೂ ಮೊದಲ ವಾರವೇ ನೋಡಿದ್ದೆ. ಕಂಪನಿಯವರು ಟೇಪು ಕಮ್ಮಿ ಸುತ್ತಿ ಮೋಸ ಮಾಡುತ್ತಾರೆ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ ಕೂಡ. ಈಗ ಅವಳು ಕೇಳಿದಾಗ ಅಜ್ಜನ ‘ಇಷ್ಟು ಮ್ಯಾಲೆ’ ಅನ್ನುವ ಮಾತು ನೆನಪಾಯಿತು. ಎದ್ದು ಹೋಗಿ ಡೆಕ್ಕಿನ ಹಿಂದಿನ ಮುಚ್ಚಳ ತೆಗೆದೆ.

ಟೇಪ್ ಡೆಕ್ಕಿನ ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ. ಅದರೊಳಗೆ ಒಂದು ಪುಟ್ಟ ಸ್ಕ್ರೂ. ಬಲಕ್ಕೆ ತಿರುಗಿಸಿದರೆ ನನ್ನ ಡೆಕ್ಕಿನಲ್ಲಿ ಟೇಪು ಬೇಗ ಓಡುತ್ತಿತ್ತು, ಎಡಕ್ಕೆ ತಿರುಗಿಸಿದರೆ ನಿಧಾನ. ನಮ್ಮ ಕಡೆಯ ಮೈಕ್‌ಸೆಟ್ಟಿನವರು ಯಾರೂ ಅದನ್ನು ಇದ್ದ ಹಾಗೆ ಬಿಡುತ್ತಿರಲಿಲ್ಲ. ಹಾರನ್ನಿನಲ್ಲಿ ದಪ್ಪ ಸ್ವರ ಕೇಳುವುದಿಲ್ಲ. ಸ್ವಲ್ಪ ಬಲಕ್ಕೆ ತಿರುಗಿಸಿದರೆ ಹಾಡು ಚುರುಕಾಗುತ್ತದೆ, ಸ್ವರ ಮೇಲೇರುತ್ತದೆ, ಪಕ್ಕದ ಊರಿನವರೆಗೂ ಹೋಗುತ್ತದೆ. ‘ಆ ಮೈಕ್‌ಸೆಟ್ ಚೆನ್ನಾಗಿ ಮಾತಾಡ್ತೈತೆ’ ಎಂದು ಜನ ಹೇಳುವುದು ಈ ಸ್ಕ್ರೂವಿನ ಗುಟ್ಟಿನಿಂದ. ಕಸುಬು ಹಿಡಿದ ಮೊದಲ ವರ್ಷದಲ್ಲೇ ನಾನೂ ಅದನ್ನು ತಿರುಗಿಸಿದ್ದೆ. ಆಮೇಲೆ ಸೀಸನ್ನಿಗೊಮ್ಮೆ ಒಂದೊಂದು ಚೂರು. ವರ್ಷಗಟ್ಟಲೆ ಅದೇ ವೇಗದಲ್ಲಿ ಕೇಳಿ ಕೇಳಿ ನನ್ನ ಕಿವಿಗೆ ಅದೇ ಸರಿ ಅನ್ನಿಸಿತ್ತು.

ಹೀಗಾಗಿ ಮುನ್ನೂರು ಕ್ಯಾಸೆಟ್ಟನ್ನೂ ಬೇಗ ಓಡುವ ಡೆಕ್ಕಿನಿಂದ ತುಂಬಿಸಿದ್ದೆ. ಎಲ್ಲರ ಸ್ವರವೂ ಹಾರ್ಮೋನಿಯಂನ ಒಂದು ಮನೆಗಿಂತ ಹೆಚ್ಚೇ ಮೇಲೆ ಹೋಗಿತ್ತು. ಅದನ್ನು ಕಂಡುಹಿಡಿದದ್ದು ಛತ್ರದ ಗದ್ದಲದಲ್ಲಿ, ಒಡಕು ಹಾರನ್ನಿನಲ್ಲಿ ಎರಡು ನಿಮಿಷ ಕೇಳಿದ ಆ ಅಜ್ಜ.

ಚಿತ್ರದುರ್ಗಕ್ಕೆ ಹೋಗಿ ಅಕ್ಕನ ಮುಂದೆ ತಪ್ಪು ಒಪ್ಪಿಕೊಂಡೆ. ಪೆನ್ಸಿಲ್ ಶಿಕ್ಷೆಗಿಂತ ದೊಡ್ಡದು ಏನೋ ಕಾದಿದೆ ಅಂದುಕೊಂಡೇ ಹೋಗಿದ್ದೆ. ಅಕ್ಕ ನೋಟ್‌ಬುಕ್ಕು ತೆಗೆದು ಅಜ್ಜನ ಪುಟ ನೋಡಿದರು.

“ಕಂಪ್ಯೂಟರ್ನಾಗೇ ಸ್ಪೀಡು ಇಳಿಸಕ್ಕೆ ಬರಲ್ವೇನು?”

“ಬರ್ತೈತಕ್ಕ. ಆದ್ರೆ ಸ್ಕ್ರೂ ಯಾವಾಗ ಎಷ್ಟು ತಿರುಗಿಸಿದೀನೋ ನನಗೇ ಗೊತ್ತಿಲ್ಲ. ಒಂದೊಂದೂ ಒಂದೊಂದು ಅಳತೆ. ಅದೂ ಅಲ್ದೆ ಜಾಗ ಉಳಿಸಕ್ಕೆ ಅಂತ ಹಿಂಡಿ ಇಟ್ಟಿದೀನಿ. ಮತ್ತೆ ಎಳದ್ರೆ ಇನ್ನೂ ಕೆಡ್ತೈತೆ.”

“ಹಂಗಾದ್ರೆ?”

ಬಸ್ಸಿನಲ್ಲಿ ಬರುವಾಗಲೇ ನಾನು ಯೋಚಿಸಿದ್ದೆ. ಅಜ್ಜನದೊಂದನ್ನು ಸರಿ ಮಾಡಿ ಉಳಿದದ್ದನ್ನು ಹಾಗೇ ಬಿಡಬಹುದು, ಕೇಳುವವರು ಯಾರು? ಇದುವರೆಗೆ ಒಬ್ಬರೂ ಕೇಳಿರಲಿಲ್ಲ. ಆದರೆ ಆ ಮುನ್ನೂರರಲ್ಲಿ ಸೋಬಾನೆ ಹೇಳಿದ ಹೆಂಗಸರು, ಭಜನೆಯವರು, ಡೋಲಿನವರು ಎಷ್ಟೋ ಜನ ತೀರಿಕೊಂಡಿದ್ದರು. ‘ನಾನಲ್ಲಪ್ಪ’ ಎಂದು ಹೇಳಲು ಅವರು ಛತ್ರಕ್ಕೆ ಬರುವುದಿಲ್ಲ. ನನ್ನ ಹಾಡು ನನ್ನ ಹತ್ತಿರ ಇರಬೇಕು ಎಂದು ದೊಡ್ಡದಾಗಿ ಹೇಳಿ ಚಂದಾ ಬಿಟ್ಟವನು ನಾನು. ಇಟ್ಟುಕೊಳ್ಳುವವನು ನೆಟ್ಟಗೆ ಇಟ್ಟುಕೊಳ್ಳಬೇಕು.

“ಎಲ್ಲಾ ಅಳಿಸಿ ಮೊದ್ಲಿಂದ ಮಾಡ್ತೀನಿ,” ಅಂದೆ.

ಈಗ ತೊಡಕು ಇದ್ದದ್ದು ಸ್ಕ್ರೂವಿನದು. ಸರಿಯಾದ ಜಾಗ ಯಾವುದು? ಅಕ್ಕನ ಟೇಪ್‌ರೆಕಾರ್ಡರ್ ಇಪ್ಪತ್ತು ವರ್ಷದಲ್ಲಿ ಯಾರೂ ಸ್ಕ್ರೂ ಮುಟ್ಟದ್ದು, ಅಜ್ಜನ ವಾಲಗ ತುಂಬಿದ್ದೂ ಅದರಲ್ಲೇ. ಆದರೆ ಅದರ ಹಿಂದೆ ಸಾಕೆಟ್ಟೇ ಇಲ್ಲ, ಕಂಪ್ಯೂಟರಿಗೆ ಜೋಡಿಸುವ ಹಾಗಿಲ್ಲ. ನನ್ನ ಡೆಕ್ಕನ್ನೇ ಅದರ ವೇಗಕ್ಕೆ ತರಬೇಕು. ಅಜ್ಜನ ಕ್ಯಾಸೆಟ್ಟನ್ನೇ ಹಾಕಿ ಹಾಕಿ ನೋಡೋಣವೆಂದರೆ ಅದು ಸವೆದೇ ಹೋಗುತ್ತದೆ.

ದಾರಿ ಕಂಡುಹಿಡಿದದ್ದು ಅಕ್ಕ. ನೋಟ್‌ಬುಕ್ಕಿನ ಆ ಪುಟದಲ್ಲಿ ಒಂದು ಸಾಲು ಬರೆದಿತ್ತು: ‘ಶ್ರುತಿಪೆಟ್ಟಿಗೆ ಅಜ್ಜನ ಮನೆಯದೇ.’ ಬೆರಳಿಟ್ಟು ತೋರಿಸಿದರು. “ಪೆಟ್ಟಿಗೆ ಒಳಗೆ ಸ್ವರ ಕೊಡೋದು ಹಿತ್ತಾಳೆ ನಾಲಿಗೆ. ಅಜ್ಜನ ಹಲ್ಲು ಬೀಳ್ಬೋದು, ಅದು ಬದಲಾಗಲ್ಲ. ಅದರ ಸ್ವರಕ್ಕೆ ನಿನ್ನ ಡೆಕ್ಕು ಕೂಡಿಸಿದ್ರಾತು. ಬಾಗೂರಿಗೆ ಹೋಗಾಣ ನಡಿ.”

ಅಂಗಡಿಯಿಂದ ಎಂದೂ ಬೇರೆಯವರ ಕೈಗೆ ಕೊಡದ ಟೇಪ್‌ರೆಕಾರ್ಡರನ್ನು ಅಕ್ಕ ಆ ಗುರುವಾರ ತಾವೇ ಮಡಿಲಲ್ಲಿಟ್ಟುಕೊಂಡು ಹೊಸದುರ್ಗದ ಬಸ್ಸು ಹತ್ತಿದರು. ಕೈಗೆ ಕೊಡಿ ಹಿಡಿದುಕೊಳ್ಳುತ್ತೇನೆ ಅಂದರೆ ಕೊಡಲಿಲ್ಲ. ನಾನು ಹೊಳಲ್ಕೆರೆಯಿಂದ ಡೆಕ್ಕು, ಕಂಪ್ಯೂಟರು, ಬ್ಯಾಟರಿ ಎಲ್ಲ ಟೆಂಪೋಕ್ಕೆ ಹಾಕಿಕೊಂಡು ಬಾಗೂರು ಸೇರಿದೆ.

ಅಜ್ಜ ಜಗಲಿಯ ಮೇಲೆ ಕೂತಿದ್ದರು. ನಮ್ಮ ಸಾಮಾನು ಇಳಿಯುವುದನ್ನು ನೋಡಿ, “ಏನಪ್ಪ, ನಮ್ಮನ್ಯಾಗೆ ಯಾರ ಮದ್ವೆ?” ಅಂದರು. ನಾನು ಕಾಲಿಗೆ ಬಿದ್ದೆ. ವಿಷಯವನ್ನೆಲ್ಲ ಹೇಳಿದೆ. ಸ್ಕ್ರೂವಿನ ಮಾತು ಕೇಳಿ ಅಜ್ಜ ಬೊಚ್ಚು ಬಾಯಲ್ಲಿ ನಕ್ಕಿದ್ದೇ ನಕ್ಕಿದ್ದು. “ಹಂಗಾದ್ರೆ ಇಷ್ಟು ವರ್ಷ ಈ ಸೀಮೆ ಮದ್ವೆನೆಲ್ಲ ನೀವು ಎರಡೆರಡು ನಿಮಿಷ ಬೇಗ ಮುಗ್ಸೀರಿ ಅನ್ರಿ! ಕುಂತ್ಕಳ್ರಿ, ಕುಂತ್ಕಳ್ರಿ.”

ಸೊಸೆ ಒಳಗಿನಿಂದ ಶ್ರುತಿಪೆಟ್ಟಿಗೆ ತಂದಿಟ್ಟರು. ಅಜ್ಜ ತೋರುಬೆರಳಿನಿಂದ ತೂತುಗಳ ಮೇಲಿನ ಮುಚ್ಚಳಗಳನ್ನು ಸರಿಸಿ, ಅಂದು ಬಳಸಿದ್ದ ಎರಡನ್ನು ಮಾತ್ರ ತೆರೆದರು. ತಿದಿ ಒತ್ತಿದ ಕೂಡಲೇ ಜಗಲಿಯ ತುಂಬ ಸ್ವರ ನಿಂತಿತು. ಮೊದಲು ಆ ಸ್ವರವನ್ನು ಅಕ್ಕನ ರೆಕಾರ್ಡರಿನಲ್ಲಿ ಒಂದು ಹೊಸ ಕ್ಯಾಸೆಟ್ಟಿಗೆ ತುಂಬಿಕೊಂಡೆವು. ಪಕ್ಕದ ಮನೆಯ ಕುರಿಹಟ್ಟಿಯಿಂದ ಒಂದು ಮರಿ ಕೂಗಿದ್ದೂ ಅದರಲ್ಲಿ ಸೇರಿತು. ಇನ್ನೊಮ್ಮೆ ಮಾಡೋಣವೇ ಅಂದೆ. ಅಳತೆಗೆ ಕುರಿಯಿದ್ದರೆ ಏನು ತೊಂದರೆ ಎಂದು ಅಕ್ಕ ಬೇಡವೆಂದರು.

ಈಗ ಆ ಕ್ಯಾಸೆಟ್ಟನ್ನು ನನ್ನ ಡೆಕ್ಕಿಗೆ ಹಾಕಿ ಓಡಿಸಿದೆ. ಪಕ್ಕದಲ್ಲಿ ಅಕ್ಕ ಪೆಟ್ಟಿಗೆಯ ತಿದಿ ಒತ್ತುತ್ತಿದ್ದರು. ಒಂದೇ ಪೆಟ್ಟಿಗೆಯ ಎರಡು ಸ್ವರ. ಒಂದು ಎದುರಿಗಿರುವುದು, ಇನ್ನೊಂದು ನನ್ನ ಡೆಕ್ಕಿನಿಂದ ಬರುವುದು. ಎರಡೂ ಸೇರಿ ಕಿವಿ ಕೊರೆಯುವ ಹಾಗೆ ಜಗಳವಾಡಿದವು. ನನ್ನ ಡೆಕ್ಕು ಎಷ್ಟು ಸುಳ್ಳು ಹೇಳುತ್ತಿತ್ತು ಎಂದು ಅಷ್ಟು ಬೆತ್ತಲಾಗಿ ಅಲ್ಲಿಯವರೆಗೆ ಕೇಳಿರಲಿಲ್ಲ.

ಗಡಿಯಾರದವರ ಸಣ್ಣ ಸ್ಕ್ರೂಡ್ರೈವರನ್ನು ಮೋಟಾರಿನ ತೂತಿಗೆ ಹಾಕಿ ಎಡಕ್ಕೆ ತಿರುಗಿಸಿದೆ. ಜಗಳ ಕಮ್ಮಿಯಾಯಿತು. ಇನ್ನೂ ತಿರುಗಿಸಿದೆ. ಎರಡು ಸ್ವರವೂ ಹತ್ತಿರ ಬಂದವು, ವಂಯ್ ವಂಯ್ ವಂಯ್ ಎಂದು ಬೇಗ ಬೇಗ ತೂಗಾಡಿದವು. ಅಜ್ಜ ಕಣ್ಣು ಮುಚ್ಚಿ ಕೂತಿದ್ದರು.

“ಇನ್ನೂ.”

ತಿರುಗಿಸಿದೆ. ತೂಗಾಟ ನಿಧಾನವಾಯಿತು. ನನ್ನ ಕಿವಿಗೆ ಎರಡೂ ಒಂದೇ ಅನ್ನಿಸಿತು. “ಆಯ್ತಲ್ಲಜ್ಜ?”

“ಆಗಿಲ್ಲ. ಇನ್ನೊಂದು ಕೂದ್ಲು.”

ಮುಟ್ಟಿದೆಯೋ ಇಲ್ಲವೋ ಅನ್ನುವಷ್ಟು ತಿರುಗಿಸಿದೆ. “ಜಾಸ್ತಿ ಆತು. ಹಿಂದಕ್ಕೆ.” ಹಿಂದಕ್ಕೆ ತಿರುಗಿಸಿದೆ. ಹೀಗೆ ಎಷ್ಟು ಸಲವೋ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅಕ್ಕನ ಕೈ ತಿದಿ ಒತ್ತಿ ಒತ್ತಿ ಸೋತಿತ್ತು, ಆದರೂ ಒತ್ತುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಒಂದು ಕ್ಷಣದಲ್ಲಿ ತೂಗಾಟ ನಿಂತೇ ಹೋಯಿತು. ಡೆಕ್ಕು ಯಾವುದು, ಪೆಟ್ಟಿಗೆ ಯಾವುದು ಗೊತ್ತಾಗಲಿಲ್ಲ. ಅಜ್ಜ ಕೈ ಎತ್ತಿದರು. ನಾನು ಸ್ಕ್ರೂಡ್ರೈವರನ್ನು ಉಸಿರು ಹಿಡಿದು ಹೊರಗೆ ತೆಗೆದೆ. ಅಂಥ ಕಿವಿಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಇನ್ನು ಅಕ್ಕ ಜೊತೆಗೆ ತಂದಿದ್ದ ಅಜ್ಜನ ಕ್ಯಾಸೆಟ್ಟು. ಡೆಕ್ಕಿಗೆ ಹಾಕುವ ಮೊದಲು ಕನ್ನಡಕ ಹಾಕಿಕೊಂಡು ನೋಡಿದರೆ, ಟೇಪನ್ನು ಒತ್ತಿ ಹಿಡಿಯುವ ಸಣ್ಣ ಉಣ್ಣೆಯ ತುಂಡು ಕಿತ್ತು ಬಂದಿತ್ತು. ಹಾಗೇ ಓಡಿಸಿದರೆ ಸದ್ದು ಮಂಕಾಗುತ್ತದೆ, ಟೇಪು ಸಿಕ್ಕಿಕೊಂಡರೂ ಸಿಕ್ಕಿಕೊಂಡಿತೇ. ಕುರಿ ಕೂಗಿದ ಕ್ಯಾಸೆಟ್ಟನ್ನು ಬದಿಗಿಟ್ಟು, ಇನ್ನೊಂದು ಹೊಸದರ ಐದೂ ಸ್ಕ್ರೂ ಬಿಚ್ಚಿ, ಒಳಗಿನದನ್ನು ತೆಗೆದು, ಅಜ್ಜನ ಟೇಪಿನ ಸುರುಳಿ ಎರಡನ್ನೂ ಎತ್ತಿ ಅದರೊಳಗೆ ಕೂರಿಸಬೇಕು. ಎತ್ತುವಾಗ ಸುರುಳಿ ಬಿಚ್ಚಿಕೊಂಡರೆ ಮುಗಿಯಿತು. ಜಗಲಿಯಲ್ಲಿ ಗಾಳಿ ಬೀಸುತ್ತಿತ್ತು. ಅಜ್ಜನ ಸೊಸೆ ಒಂದು ಕಡೆ, ಅಕ್ಕ ಇನ್ನೊಂದು ಕಡೆ ಸೆರಗು ಅಡ್ಡ ಹಿಡಿದು ನಿಂತರು. ಎತ್ತಿದೆ, ಕೂರಿಸಿದೆ, ಮುಚ್ಚಿದೆ. ಡಬ್ಬಿಯ ತಳದಲ್ಲಿ ಕಂದು ಬಣ್ಣದ ಪುಡಿ ಉಳಿದಿತ್ತು. ಅಜ್ಜನ ವಾಲಗ ಅಷ್ಟಷ್ಟೇ ಉದುರುತ್ತಿದ್ದದ್ದು ಹೀಗೆ.

ಈ ಸಲ ಜಾಗ ಉಳಿಸುವ ಜಿಪುಣತನ ಮಾಡಲಿಲ್ಲ. ಪೂರ್ತಿ ಅಳತೆಯಲ್ಲಿ ತುಂಬಲು ಬಿಟ್ಟು ಪ್ಲೇ ಒತ್ತಿದೆ. ಮೊದಲ ಹತ್ತು ಸೆಕೆಂಡು ಬರೀ ಶ್ರುತಿ. ಅಜ್ಜ ಪಕ್ಕದ ಪೆಟ್ಟಿಗೆಯ ತಿದಿಯನ್ನು ಒಮ್ಮೆ ಒತ್ತಿ ನೋಡಿದರು. ಎರಡೂ ಒಂದೇ. ಪೆಟ್ಟಿಗೆ ಮುಚ್ಚಿದರು. ಆಮೇಲೆ ನಾದಸ್ವರ ಬಂತು.

ನಾನು ನೂರಾರು ಮದುವೆಯಲ್ಲಿ ಹಾಕಿದ್ದ ವಾಲಗ ಅದು. ಆದರೆ ಅದನ್ನು ಮೊದಲ ಸಲ ಕೇಳಿದ್ದು ಆ ಜಗಲಿಯಲ್ಲಿ. ಎಷ್ಟು ಸಾವಧಾನ! ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅಲ್ಲೇ ಸ್ವಲ್ಪ ನಿಂತು ಸುತ್ತ ನೋಡಿ ಹೋಗುವ ಮನುಷ್ಯ. ಇಂಥವರನ್ನು ನಾನು ಹತ್ತು ವರ್ಷ ಓಡಿಸಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲಿಲ್ಲ.

ಅಜ್ಜನ ಬಾಯಿಂದ ಒಂದು ಹೂಂ ಬರಲಿ ಎಂದು ನಾನೂ ಅಕ್ಕನೂ ಕಾದೆವು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಇನ್ನೊಂದು ಸಲ ‘ನಾನಲ್ಲಪ್ಪ’ ಅಂದರೆ ಏನು ಮಾಡುವುದು ಎಂದು ಡೆಕ್ಕಿನ ಕಡೆ ಒಮ್ಮೆ, ಅಜ್ಜನ ಕಡೆ ಒಮ್ಮೆ ನೋಡುತ್ತಿದ್ದೆ. ಅಷ್ಟರಲ್ಲಿ ಮೇಲಿನ ಸ್ವರಕ್ಕೆ ಏರುತ್ತಿದ್ದ ನಾದ ಒಂದು ಕಡೆ ತಟಕ್ಕನೆ ಮುರಿದು, ಮತ್ತೆ ಕೂಡಿಕೊಂಡು ಮುಂದೆ ಹೋಯಿತು.

“ಅಗೋ!” ಅಜ್ಜ ತೊಡೆ ತಟ್ಟಿದರು. “ನಾನೇ! ನಾನೇ ಕಣಪ್ಪ. ಧಾರೆ ಹೊತ್ತಿಗೆ ಯಾರೋ ಪುಣ್ಯಾತ್ಮ ಅಕ್ಷತೆ ಎಸ್ದಿದ್ದು ನೆಟ್ಟಗೆ ನನ್ನ ಕಣ್ಣಿಗೇ ಬಿತ್ತು. ಉಸಿರು ತಪ್ತು. ಅವತ್ತಿಂದ ನನಗೆ ಅದೇ ಕೊರಗು.”

ನನ್ನ ಓಡುವ ಡೆಕ್ಕಿನಲ್ಲಿ ಆ ಜಾಗ ಎಷ್ಟು ಬೇಗ ದಾಟುತ್ತಿತ್ತೆಂದರೆ ಅದನ್ನು ನಾನು ಒಂದು ಗಮಕ ಎಂದೇ ತಿಳಿದಿದ್ದೆ. ಭಾರಿ ಗಮಕ ಎಂದು ಎರಡು ಜನರಿಗೆ ತೋರಿಸಿಯೂ ಇದ್ದೆ.

“ಅಜ್ಜಾ, ಬೇಕಾದ್ರೆ ಅದನ್ನ ತಗದು ಹಾಕ್ಬೋದು. ಕಂಪ್ಯೂಟರ್ನಾಗೆ ಗೊತ್ತೇ ಆಗಲ್ಲ,” ಅಂದೆ.

“ಬ್ಯಾಡ. ಅದನ್ನೂ ತಗದ್ರೆ ನಾನು ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?” ಅಂದರು ಅಜ್ಜ.

ಹೊಳಲ್ಕೆರೆಗೆ ಬಂದವನು ಮೊದಲು ಮಾಡಿದ ಕೆಲಸ, ಹೆಂಡತಿಯ ಉಗುರಿಗೆ ಹಚ್ಚುವ ಬಣ್ಣದ ಒಂದು ತೊಟ್ಟನ್ನು ಮೋಟಾರಿನ ತೂತಿಗೆ ಬಿಟ್ಟು ಆ ಸ್ಕ್ರೂವನ್ನು ಶಾಶ್ವತವಾಗಿ ಮುಚ್ಚಿದ್ದು. ಎರಡನೆಯದು, ಎಂಟು ತಿಂಗಳ ಕೆಲಸವನ್ನೆಲ್ಲ ಅಳಿಸಿದ್ದು. ಇಟ್ಟುಕೊಂಡರೆ ಸೋಮಾರಿತನ ಬರುತ್ತದೆ, ನನಗೆ ನನ್ನ ಬುದ್ಧಿ ಗೊತ್ತು. ಅಳಿಸಲೇ ಎಂದು ಕಂಪ್ಯೂಟರ್ ಕೇಳಿದಾಗ ‘ಹೌದು’ ಒತ್ತಿದ್ದು ಹೆಂಡತಿ. ಟೈಪು ಮಾಡಿದವಳು ಅವಳಾದ್ದರಿಂದ ಆ ಹಕ್ಕು ಅವಳದೇ ಅನ್ನಿಸಿತು.

ಎರಡನೆಯ ಸುತ್ತಿಗೆ ವರ್ಷಕ್ಕಿಂತ ಹೆಚ್ಚು ಹಿಡಿಯಿತು, ನಲವತ್ತು ಜಿಬಿ ಸಾಲದೆ ದೊಡ್ಡ ಹಾರ್ಡ್‌ಡಿಸ್ಕೂ ಬೇಕಾಯಿತು. ನಡುವೆ ಇನ್ನೊಂದು ಪೆಟ್ಟು. ಬೇರೆ ಡೆಕ್ಕಿನಿಂದ ನನ್ನ ಡೆಕ್ಕಿಗೆ ನಾನೇ ಹಿಂದೆ ಕಾಪಿ ಮಾಡಿಟ್ಟುಕೊಂಡಿದ್ದ ಕೆಲವು ಕ್ಯಾಸೆಟ್ಟುಗಳು ಓಡುವ ವೇಗದಲ್ಲಿ ತುಂಬಿದವು. ಡೆಕ್ಕು ಸರಿಯಾದ ಮೇಲೆ ಅವು ನಿದ್ದೆಗಣ್ಣಿನಲ್ಲಿ ತೆವಳತೊಡಗಿದವು. ಅವುಗಳ ಮೂಲವನ್ನು ಅಕ್ಕನ ನೋಟ್‌ಬುಕ್ಕಿನಲ್ಲಿ ಹುಡುಕಿ ಮತ್ತೆ ತಂದು ತುಂಬಿಸಿದೆ. ಮೂರಕ್ಕೆ ಮೂಲ ಸಿಗಲೇ ಇಲ್ಲ. ಅವನ್ನು ಹೇಗಿವೆಯೋ ಹಾಗೆ ಇಟ್ಟು, ಹೆಸರಿನ ಮುಂದೆ ‘ವೇಗ ಸರಿಯಿಲ್ಲ’ ಎಂದು ಬರೆಸಿದ್ದೇನೆ. ಎಲ್ಲ ಮುಗಿದ ಮೇಲೆ ಇನ್ನೊಂದು ಹಾರ್ಡ್‌ಡಿಸ್ಕಿಗೆ ಪೂರ್ತಿ ಕಾಪಿ ಮಾಡಿ ಅಕ್ಕನಿಗೆ ಕೊಟ್ಟೆ. ಅವರು ಅದನ್ನೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಹಾಕಿ ಬರೆದುಕೊಂಡರು.

ಅದಾದ ಮುಂದಿನ ಲಗ್ನದ ಸೀಸನ್ನಿನಲ್ಲಿ ಭೀಮಸಮುದ್ರದ ಅದೇ ಯಜಮಾನರು ಅಂಗಡಿಗೆ ಬಂದರು. ಎರಡನೆಯ ಮಗಳ ಮದುವೆ. “ಈ ಸಲನಾದ್ರೂ ಐತೋ, ಬರೀ ಡಬ್ಬಿನೋ?” ಅಂದರು. ಅಜ್ಜನನ್ನೂ ಕರೆಯಿರಿ ಎಂದಷ್ಟೇ ಹೇಳಿದೆ.

ಮದುವೆಯ ದಿನ ಅಜ್ಜ ಮಂಟಪದ ಎದುರಿಗೇ ಕೂತಿದ್ದರು. ಧಾರೆಗೆ ಸರಿಯಾಗಿ ವಾಲಗ ಹಾಕಿದೆ. ಯಜಮಾನರು ಒಮ್ಮೆ ತಿರುಗಿ ಹಾರನ್ನಿನ ಕಡೆ ನೋಡಿ, ಆಮೇಲೆ ತಲೆ ತಗ್ಗಿಸಿ ನಿಂತುಬಿಟ್ಟರು. ಯಾರೋ ಹಿಂದಿನಿಂದ ಬಂದು, ಸ್ವಲ್ಪ ಚುರುಕಾಗಿ ಹಾಕಯ್ಯ ಅಂದರು. ಆಗಲ್ಲ ಅಂದೆ. ಪುರೋಹಿತರು ಕೈ ಎತ್ತಿದರು, ಜನ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಎದ್ದು ನಿಂತರು. ನಾದ ಮೇಲಿನ ಸ್ವರಕ್ಕೆ ಏರತೊಡಗಿತು. ಆ ಜಾಗ ಬರಲು ಇನ್ನು ಒಂದು ಉಸಿರಿನಷ್ಟು ಇದೆ ಅನ್ನುವಾಗ, ಬಾಗೂರಜ್ಜ ಗಟ್ಟಿಯಾಗಿ ಎರಡೂ ಕಣ್ಣು ಮುಚ್ಚಿಕೊಂಡರು.